ಹೋಸ್ಟ್‌ಗೆ ಪ್ಯಾಚ್ ಹಾಕಿದ ಮೇಲೆ ವಿಎಂ ಒಳಗೂ ಹಾಕಬೇಕೆ?

ಪ್ರಶ್ನೆ: ನಮ್ಮದು ಬೆಟಗೇರಿಯಲ್ಲಿರುವ ಮುದ್ರಣಾಲಯ. ಒಂದೇ ಸರ್ವರಿನಲ್ಲಿ (ಹೋಸ್ಟ್) ಲಿನಕ್ಸ್‌ನ ಕೆವಿಎಂ ತಂತ್ರಾಂಶದ ಮೇಲೆ ಮೂರು ವರ್ಚುವಲ್ ಮಷಿನ್‌ಗಳು (ವಿಎಂ), ಅಂದರೆ ಕಂಪ್ಯೂಟರಿನೊಳಗಿನ ಕಂಪ್ಯೂಟರುಗಳು, ಇವೆ. ಒಂದರಲ್ಲಿ ಬಿಲ್ಲಿಂಗ್, ಇನ್ನೊಂದರಲ್ಲಿ ಪುಟವಿನ್ಯಾಸದ ಫೈಲುಗಳು ಇವೆ. ಮೂರನೆಯದನ್ನು ತರಬೇತಿಗೆ ಬರುವ ಹುಡುಗರಿಗೆ ಪ್ರಯೋಗ ಮಾಡಲು ಬಿಟ್ಟಿದ್ದೇವೆ. ಹೋಸ್ಟ್‌ಗೆ ಎಲ್ಲ ಅಪ್‌ಡೇಟ್ ಹಾಕಿ ಆಗಿದೆ. ಹೀಗಿರುವಾಗ ವಿಎಂಗಳ ಒಳಗಿನ ಲಿನಕ್ಸ್‌ನಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಗಳ ವಿರುದ್ಧದ ರಕ್ಷಣೆಗಳನ್ನು ಆಫ್ ಮಾಡಿ ವೇಗ ಹೆಚ್ಚಿಸಿಕೊಳ್ಳಬಹುದೆ?

ಉತ್ತರ: ಹುಡುಗರು ಬಳಸುವ ವಿಎಂನಲ್ಲಿ ಖಂಡಿತ ಬೇಡ. ಉಳಿದೆರಡರಲ್ಲಿ ಆಫ್ ಮಾಡಿದರೆ ಹೋಸ್ಟ್‌ಗೆ ಹೊಸ ಅಪಾಯವೇನೂ ಬರುವುದಿಲ್ಲ. ಆದರೆ ನೀವು ಹುಡುಕುತ್ತಿರುವ ವೇಗ ಬಹುಶಃ ಬೇರೆ ಕಡೆ ಸಿಗುತ್ತದೆ. ಕಾರಣ ತಿಳಿಯಲು ದೋಷದ ಮೂಲವನ್ನು ಒಮ್ಮೆ ನೋಡಬೇಕು.

ಹುಬ್ಬಳ್ಳಿಯ ಖಾನಾವಳಿಗಳಲ್ಲಿ ನಿತ್ಯದ ಗಿರಾಕಿ ಬಂದು ಕೈ ತೊಳೆಯುವಷ್ಟರಲ್ಲಿ, ಅವನು ಕೇಳುವ ಮೊದಲೇ, ಒಳಗೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಗಿರುತ್ತದೆ. ಅವನು ‘ಇವತ್ತ ಬರೇ ಅನ್ನ ಸಾಕ್ರಿ’ ಎಂದರೆ ಆ ರೊಟ್ಟಿ ಅವನ ತಾಟಿಗೂ ಬರುವುದಿಲ್ಲ, ಲೆಕ್ಕಕ್ಕೂ ಸೇರುವುದಿಲ್ಲ. ಆದರೆ ಬಿಸಿ ರೊಟ್ಟಿ ಬುಟ್ಟಿಯಲ್ಲಿ ಉಳಿದಿರುತ್ತದೆ; ಪಕ್ಕದಲ್ಲಿ ಕೂತವನು ರೊಟ್ಟಿ ಕೇಳಿದಾಗ ಅದು ಎಷ್ಟು ಬೇಗ ಬಂತು ಎಂಬುದರಿಂದಲೇ ಒಳಗೆ ಯಾರಿಗಾಗಿ ಏನು ಬೇಯುತ್ತಿತ್ತು ಎಂದು ಊಹಿಸಬಲ್ಲ. ಪ್ರೊಸೆಸರ್ ಕೂಡ ಮುಂದಿನ ಆದೇಶಗಳನ್ನು ಹೀಗೆಯೇ ಊಹಿಸಿ ಮೊದಲೇ ನಡೆಸಿಬಿಡುತ್ತದೆ. ಊಹೆ ತಪ್ಪಾದರೆ ಫಲಿತಾಂಶವನ್ನು ರದ್ದು ಮಾಡುತ್ತದೆ, ಆದರೆ ಕ್ಯಾಶ್‌ನಲ್ಲಿ (ಪ್ರೊಸೆಸರ್ ಒಳಗಿನ ವೇಗದ ತಾತ್ಕಾಲಿಕ ಮೆಮೊರಿ) ಉಳಿದ ಗುರುತನ್ನು ಅಳಿಸುವುದಿಲ್ಲ. ಆ ಗುರುತನ್ನು ಸಮಯ ಅಳೆದು ಓದಬಹುದೆಂದು 2018ರ ಜನವರಿಯಲ್ಲಿ ಬಹಿರಂಗವಾದಾಗ ಅದಕ್ಕೆ ಸ್ಪೆಕ್ಟರ್ ಮತ್ತು ಮೆಲ್ಟ್‌ಡೌನ್ ಎಂಬ ಹೆಸರುಗಳು ಬಂದವು.

ಹೋಸ್ಟ್‌ನ ರಕ್ಷಣೆ ಎರಡು ಗೋಡೆಗಳನ್ನು ಕಾಯುತ್ತದೆ: ವಿಎಂ ಮತ್ತು ಹೋಸ್ಟ್ ನಡುವಿನದು, ಒಂದು ವಿಎಂ ಮತ್ತು ಇನ್ನೊಂದು ವಿಎಂ ನಡುವಿನದು. ವಿಎಂ ಒಳಗೆ ಸಾಮಾನ್ಯ ಪ್ರೋಗ್ರಾಮ್ ಮತ್ತು ಆ ವಿಎಂನದೇ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನಡುವೆ ಇರುವ ಮೂರನೆಯ ಗೋಡೆ ಹೋಸ್ಟ್‌ನ ಕೈಯಲ್ಲಿಲ್ಲ. ಮೆಲ್ಟ್‌ಡೌನ್ ಇದಕ್ಕೆ ಸ್ಪಷ್ಟ ಉದಾಹರಣೆ. ಕೆವಿಎಂ ವಿಎಂನಿಂದ ಅದು ಹೋಸ್ಟ್‌ನ ಮೆಮೊರಿಯನ್ನು ಓದಲಾರದು, ಆದರೆ ವಿಎಂ ಒಳಗಿನ ಕರ್ನಲ್‌ನ ಮೆಮೊರಿಯನ್ನು ಓದಬಲ್ಲದು. ಹೋಸ್ಟ್ ತನ್ನ ಪೇಜ್ ಟೇಬಲ್‌ಗಳನ್ನು (ಮೆಮೊರಿಯಲ್ಲಿ ಯಾವುದು ಎಲ್ಲಿದೆ ಎಂಬ ಪಟ್ಟಿಗಳು) ಎಷ್ಟೇ ಚೆನ್ನಾಗಿ ಬೇರ್ಪಡಿಸಿಕೊಂಡಿದ್ದರೂ, ವಿಎಂನ ಕರ್ನಲ್ ತನ್ನವನ್ನು ತಾನೇ ಬೇರ್ಪಡಿಸಿಕೊಳ್ಳಬೇಕು.

2018ರ ಆಗಸ್ಟ್‌ನಲ್ಲಿ ಹೊರಬಿದ್ದ ಎಲ್1ಟಿಎಫ್ ಎಂಬ ಇನ್ನೊಂದು ಪ್ರೊಸೆಸರ್ ದೋಷ ಇದಕ್ಕೆ ತದ್ವಿರುದ್ಧ. ಈ ದೋಷವಿರುವ ಇಂಟೆಲ್ ಪ್ರೊಸೆಸರ್‌ನಲ್ಲಿ, ವಿಎಂ ಒಳಗೆ ರೂಟ್ ಅಧಿಕಾರ (ಎಲ್ಲದಕ್ಕೂ ಅನುಮತಿ) ಇದ್ದವನು ಪೇಜ್ ಟೇಬಲ್ ನಮೂದುಗಳನ್ನು ಬೇಕೆಂದೇ ತಿರುಚಿ, ಎಲ್1 ಕ್ಯಾಶ್‌ನಲ್ಲಿ ಆ ಕ್ಷಣಕ್ಕೆ ಇರುವ ಪರರ ಮಾಹಿತಿಯನ್ನು ಓದಬಹುದು. ಅವನ ವಿಎಂಗೆ ನೀವು ಹಾಕುವ ಯಾವ ಪ್ಯಾಚೂ ಇದನ್ನು ತಡೆಯದು, ಏಕೆಂದರೆ ಆ ವಿಎಂನ ಕರ್ನಲ್ ಅವನದೇ ವಶದಲ್ಲಿದೆ. ಹೋಸ್ಟ್ ವಿಎಂ ಒಳಗೆ ಹೋಗುವಾಗ ಎಲ್1 ಕ್ಯಾಶ್ ಖಾಲಿ ಮಾಡಬೇಕು; ಅದರ ಜೊತೆಗೆ ಹೈಪರ್‌ಥ್ರೆಡಿಂಗ್ (ಒಂದೇ ಕೋರ್ ಏಕಕಾಲಕ್ಕೆ ಎರಡು ಥ್ರೆಡ್‌ಗಳನ್ನು ನಡೆಸುವ ವ್ಯವಸ್ಥೆ) ನಿಲ್ಲಿಸಬೇಕು, ಇಲ್ಲವೇ ಒಂದೇ ಕೋರ್‌ನ ಎರಡು ಥ್ರೆಡ್‌ಗಳು ಬೇರೆಬೇರೆ ವಿಎಂಗಳಿಗೆ ಹೋಗದಂತೆ ನೋಡಿಕೊಳ್ಳಬೇಕು. ನಿಮ್ಮ ಹುಡುಗರಿಗೆ ರೂಟ್ ಕೊಟ್ಟಿದ್ದರೆ, ಆ ವಿಎಂಗೆ ಪೂರ್ತಿ ಕೋರ್‌ಗಳನ್ನೇ ಪ್ರತ್ಯೇಕವಾಗಿ ಕಟ್ಟಿಕೊಡುವುದು ಹೈಪರ್‌ಥ್ರೆಡಿಂಗ್ ನಿಲ್ಲಿಸುವುದಕ್ಕಿಂತ ಕಡಿಮೆ ನಷ್ಟದ ದಾರಿ ಎಂದು ನನ್ನ ಅಭಿಪ್ರಾಯ.

ಈಗ ಹೆಚ್ಚಿನವರು ಎಡವುವ ಜಾಗಕ್ಕೆ ಬರೋಣ. ಮೈಕ್ರೋಕೋಡ್ ಅನ್ನು, ಅಂದರೆ ಪ್ರೊಸೆಸರ್‌ನ ಒಳಗಿನ ತಂತ್ರಾಂಶವನ್ನು, ಹೋಸ್ಟ್ ಮಾತ್ರ ಪ್ರೊಸೆಸರ್‌ಗೆ ತುಂಬಬಲ್ಲದು. ಅದರಿಂದ ದೊರೆತ ಹೊಸ ಸೌಲಭ್ಯಗಳು ವಿಎಂಗೆ ಕಾಣಬೇಕಾದರೆ ಹೈಪರ್‌ವೈಸರ್ (ವಿಎಂಗಳನ್ನು ನಡೆಸುವ ತಂತ್ರಾಂಶ) ಅವನ್ನು ತೋರಿಸಬೇಕು, ಮತ್ತು ಆ ಬದಲಾವಣೆ ತಲುಪಲು ವಿಎಂ ಅನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಹಾವೇರಿಯ ಒಂದು ಕಚೇರಿಯ ಸರ್ವರಿನ ಮುಂದೆ ನಾನು ಅರ್ಧ ದಿನ ಕಳೆದದ್ದು ಇದನ್ನು ಮರೆತೇ. ಹೋಸ್ಟ್ ಅಪ್‌ಡೇಟ್ ಆಗಿತ್ತು, ವಿಎಂನ ಕರ್ನಲ್ ಹೊಸದಾಗಿತ್ತು, ಮೂರು ಬಾರಿ ರೀಬೂಟ್ ಮಾಡಿದರೂ ವಿಎಂನ ದೋಷಪಟ್ಟಿಯಲ್ಲಿ 2019ರ ಎಂಡಿಎಸ್ (ಪ್ರೊಸೆಸರ್‌ನ ಒಳ ಬಫರ್‌ಗಳಿಂದ ಮಾಹಿತಿ ಸೋರುವ) ದೋಷದ ಸಾಲು ‘ವಲ್ನರಬಲ್: ಕ್ಲಿಯರ್ ಸಿಪಿಯು ಬಫರ್ಸ್ ಅಟೆಂಪ್ಟೆಡ್, ನೋ ಮೈಕ್ರೋಕೋಡ್’ ಎಂದೇ ಹೇಳುತ್ತಿತ್ತು. ವಿಎಂ ಒಳಗಿನಿಂದ ಮಾಡುವ ರೀಬೂಟ್, ಹೋಸ್ಟ್‌ನಲ್ಲಿ ವಿಎಂ ಅನ್ನು ಓಡಿಸುವ ಹಳೆಯ ಕ್ಯೂಎಂಯು ಪ್ರೋಗ್ರಾಮನ್ನು ಹಾಗೆಯೇ ಓಡುತ್ತ ಬಿಟ್ಟಿರುತ್ತದೆ. ಹಳೆಯ ಸಿಪಿಯು ವಿವರವೇ ಮುಂದುವರಿಯುತ್ತದೆ. ಹೋಸ್ಟ್‌ನಿಂದ ಶಟ್‌ಡೌನ್ ಮಾಡಿ ಮತ್ತೆ ಶುರು ಮಾಡಿದಾಗ ಸಾಲು ಬದಲಾಯಿತು. ‘ಅಟೆಂಪ್ಟೆಡ್’ ಎಂಬ ಪದವನ್ನು ಆಗ ಗಮನಿಸಿದ್ದರೆ ಸಾಕಿತ್ತು: ಮೈಕ್ರೋಕೋಡ್ ಇದೆಯೋ ಇಲ್ಲವೋ ಗೊತ್ತಿಲ್ಲದಿದ್ದರೂ ಬಫರ್ ಅಳಿಸಲು ಪ್ರಯತ್ನಿಸಿದ್ದೇನೆ ಎಂದು ಕರ್ನಲ್ ಪ್ರಾಮಾಣಿಕವಾಗಿಯೇ ಹೇಳುತ್ತಿತ್ತು.

ಹಾಗಾಗಿ ಮೊದಲು ವಿಎಂನ ಸಿಪಿಯು ಮಾಡೆಲ್ (ಅದಕ್ಕೆ ಕಾಣುವ ಪ್ರೊಸೆಸರ್‌ನ ಬಗೆ) ಯಾವುದು ಎಂದು ನೋಡಿ. ‘ಕೆವಿಎಂ64’ನಂಥ ಸಾಮಾನ್ಯ ಮಾಡೆಲ್ ಇದ್ದರೆ ನಷ್ಟ ಎರಡು ಬಗೆಯದು. ರಕ್ಷಣೆಗೆ ಬೇಕಾದ ಸೌಲಭ್ಯಗಳು ವಿಎಂಗೆ ಕಾಣುವುದಿಲ್ಲ. ಪ್ರೊಸೆಸರ್‌ನಲ್ಲಿ ದೋಷವೇ ಇಲ್ಲ ಎಂಬ ಸುದ್ದಿಯೂ ಅದಕ್ಕೆ ತಲುಪುವುದಿಲ್ಲ. 2019ರಲ್ಲಿ ಬಂದ ಇಂಟೆಲ್‌ನ ಎರಡನೆಯ ತಲೆಮಾರಿನ ಜಿಯಾನ್ ಸ್ಕೇಲಬಲ್‌ನಲ್ಲಿ ಮೆಲ್ಟ್‌ಡೌನ್ ಮತ್ತು ಎಲ್1ಟಿಎಫ್ ದೋಷಗಳನ್ನು ಹಾರ್ಡ್‌ವೇರ್‌ನಲ್ಲೇ ಸರಿಪಡಿಸಲಾಗಿದೆ. ಅದು ತಿಳಿಯದ ವಿಎಂ ಇಲ್ಲದ ಕಳ್ಳನಿಗೆ ಬಾಗಿಲು ಹಾಕುತ್ತ, ಪ್ರತಿ ಸಿಸ್ಟಮ್ ಕಾಲ್‌ಗೂ (ಪ್ರೋಗ್ರಾಮ್ ಕರ್ನಲ್‌ಗೆ ಹೇಳುವ ಕೆಲಸ) ಪೇಜ್ ಟೇಬಲ್ ಬದಲಿಸುತ್ತ ಕೂರುತ್ತದೆ. ನಿಮ್ಮಂತೆ ಒಂದೇ ಸರ್ವರ್ ಇರುವವರು, ಹೋಸ್ಟ್‌ನ ಪ್ರೊಸೆಸರನ್ನು ಇದ್ದಂತೆಯೇ ವಿಎಂಗೆ ತೋರಿಸುವ ‘ಹೋಸ್ಟ್-ಪಾಸ್‌ಥ್ರೂ’ ಆರಿಸಬಹುದು. ಹಲವು ಬಗೆಯ ಸರ್ವರ್‌ಗಳ ನಡುವೆ ವಿಎಂಗಳನ್ನು ಓಡುತ್ತಿರುವಂತೆಯೇ ಸಾಗಿಸುವವರಿಗೆ ಅದು ಹೊಂದದು. ನಾನು ಹೇಳಿದ ವೇಗ ಸಿಗುವ ಸಾಧ್ಯತೆ ಇಲ್ಲಿದೆ.

ಇದಾದ ಮೇಲೂ ಬಿಲ್ಲಿಂಗ್ ವಿಎಂನಲ್ಲಿ ‘ಮಿಟಿಗೇಶನ್ಸ್=ಆಫ್’ (ಈ ರಕ್ಷಣೆಗಳನ್ನು ಆಫ್ ಮಾಡುವ ಬೂಟ್ ಆಯ್ಕೆ) ಹಾಕಬೇಕೆನಿಸಿದರೆ, ಅದರೊಳಗೆ ಬ್ರೌಸರ್ ಆಗಲಿ, ಹೊರಗಿನವರು ಕೊಟ್ಟ ಕೋಡ್ ಆಗಲಿ ಓಡುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು, ತಿಂಗಳ ಕೊನೆಯ ಬಿಲ್ಲುಗಳನ್ನು ಎರಡೂ ಬಗೆಯಲ್ಲಿ ಓಡಿಸಿ ಸಮಯ ನೋಡಿ. ಡಿಸ್ಕ್ ಮತ್ತು ನೆಟ್‌ವರ್ಕ್ ಬಹಳ ಬಳಸುವ ಕೆಲಸದಲ್ಲಿ ವ್ಯತ್ಯಾಸ ಕಾಣಬಹುದು. ಬರೀ ಲೆಕ್ಕದ ಕೆಲಸದಲ್ಲಿ ಕಾಣುವುದು ಕಡಿಮೆ. ಆದರೆ ಅದೇ ಪದವನ್ನು ಹೋಸ್ಟ್‌ನ ಬೂಟ್ ಸಾಲಿನಲ್ಲಿ ಎಂದೂ ಬರೆಯಬೇಡಿ; ಅಲ್ಲಿ ಅದು ಎಲ್1 ಕ್ಯಾಶ್ ಖಾಲಿ ಮಾಡುವುದನ್ನೂ ನಿಲ್ಲಿಸಿ ವಿಎಂಗಳ ನಡುವಿನ ಗೋಡೆಯನ್ನೇ ತೆಗೆಯುತ್ತದೆ. ಹೋಸ್ಟ್‌ನ ಅಪ್‌ಡೇಟೂ ಒಮ್ಮೆ ಹಾಕಿ ಮರೆಯುವಂಥದ್ದಲ್ಲ: 2025ರ ಸೆಪ್ಟೆಂಬರ್‌ನಲ್ಲಿ ಜ್ಯೂರಿಕ್‌ನ ಇಟಿಎಚ್ ಸಂಶೋಧಕರು ಪ್ರಕಟಿಸಿದ ವಿಎಂಸ್ಕೇಪ್ ಎಂಬ ದಾಳಿ, ವಿಎಂ ಒಳಗಿನಿಂದ ಹೋಸ್ಟ್‌ನ ಕ್ಯೂಎಂಯು ಮೆಮೊರಿಯನ್ನೇ ಓದಬಹುದೆಂದು ತೋರಿಸಿತು. ಅದಕ್ಕೆ ಹೋಸ್ಟ್ ಕರ್ನಲ್‌ನಲ್ಲೇ ಪರಿಹಾರ ಬಂದಿದೆ.

ಎಲ್ಲ ಮುಗಿಸಿ ವಿಎಂ ಒಳಗೆ ‘ಎಲ್‌ಎಸ್‌ಸಿಪಿಯು’ (ಪ್ರೊಸೆಸರ್ ವಿವರ ತೋರಿಸುವ ಆದೇಶ) ಓಡಿಸಿದಾಗ ಎಂಡಿಎಸ್ ಸಾಲಿನ ಕೊನೆಗೆ ‘ಎಸ್‌ಎಂಟಿ ಹೋಸ್ಟ್ ಸ್ಟೇಟ್ ಅನ್‌ನೋನ್’ ಎಂದು ಕಂಡರೆ ಗಾಬರಿಯಾಗಬೇಡಿ. ಎಸ್‌ಎಂಟಿ ಎಂದರೆ ಹೈಪರ್‌ಥ್ರೆಡಿಂಗೇ. ಹೋಸ್ಟ್‌ನಲ್ಲಿ ಹೈಪರ್‌ಥ್ರೆಡಿಂಗ್ ಇದೆಯೋ ಇಲ್ಲವೋ ವಿಎಂಗೆ ಒಳಗಿನಿಂದ ಕಾಣುವುದಿಲ್ಲ. ಅದನ್ನು ಹೋಸ್ಟ್‌ನಲ್ಲೇ ಲಾಗಿನ್ ಆಗಿ ನೋಡಿ.