ಹಂಡೆ ಇಲ್ಲದ ಮನೆಯಲ್ಲಿ ಅಡಿಕೆ ಬೇಯಿಸಲು ಹೊರಟವನು

ಸಾಗರದ ಹತ್ತಿರ ನಮ್ಮ ನೆಂಟರ ಹುಡುಗನೊಬ್ಬ ಈ ಮಳೆಗಾಲದಲ್ಲಿ ಕಂಪ್ಯೂಟರಿಗೆ ಉಬುಂಟು ಹಾಕಿಕೊಂಡ, ವಿಂಡೋಸ್ ಥರದ್ದೇ, ಆದರೆ ಲಿನಕ್ಸ್ ಬಳಗದ್ದು. ಸಿ ಭಾಷೆಯಲ್ಲಿ ಮೊದಲ ಪ್ರೋಗ್ರಾಂ ಬರೆದು, ಅದನ್ನು ಯಂತ್ರ ಓಡಿಸುವ ರೂಪಕ್ಕೆ ತರಲು, ಅಂದರೆ ಕಂಪೈಲ್ ಮಾಡಲು, ಜಿಸಿಸಿ ಅಂತ ಕೊಟ್ಟರೆ 'ಕಮಾಂಡ್ ನಾಟ್ ಫೌಂಡ್' ಅಂತ ಬಂತು. ಅವನು ಮಾಡಿದ್ದೇನು ಗೊತ್ತಾ? ಇಡೀ ಲಿನಕ್ಸನ್ನೇ ಅಳಿಸಿ ಮತ್ತೆ ಹಾಕಿದ. ನಡುವೆ ಕರೆಂಟ್ ಹೋಯಿತು, ಇನ್ನೊಂದು ಸಲ ಹಾಕಿದ. ಜ್ವರ ಬಂದ ಮಗುವಿಗೆ ದೃಷ್ಟಿ ತೆಗೆಯುವುದಕ್ಕೂ ಇದಕ್ಕೂ ನನಗೆ ಜಾಸ್ತಿ ವ್ಯತ್ಯಾಸ ಕಾಣಲಿಲ್ಲ.

ಅಲ್ಲಿ ಏನೂ ಕೆಟ್ಟಿರಲಿಲ್ಲ. ಪೇಟೆಯವರು ಅಂಗಡಿಯಿಂದ ಅಡಿಕೆ ತರುತ್ತಾರೆ, ಅವರ ಮನೆಯಲ್ಲಿ ಬೇಯಿಸುವ ಹಂಡೆ ಇರುತ್ತಾ? ಹಾಗೇ ಉಬುಂಟುವಿನಲ್ಲಿ ಬ್ರೌಸರ್, ಆಟ ಎಲ್ಲವೂ ಸುಲಿದು, ಬೇಯಿಸಿ, ಒಣಗಿಸಿಯೇ ಬರುತ್ತವೆ. ನೀವು ಬರೆದ ಸಿ ಪ್ರೋಗ್ರಾಂ ಮಾತ್ರ ಹಸಿ ಅಡಿಕೆ. ಹೆಚ್ಚಿನವರು ಬೇಯಿಸುವ ಗೋಜಿಗೇ ಹೋಗುವುದಿಲ್ಲ, ಅದಕ್ಕೆ ಜಿಸಿಸಿ ಅನ್ನುವ ಹಂಡೆ ಕೊಟ್ಟಿರುವುದಿಲ್ಲ.

ಅದನ್ನು ತರಿಸಿಕೊಳ್ಳಲು ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಎರಡು ಸಾಲು ಸಾಕು. ಮೊದಲು 'ಸುಡೋ ಆಪ್ಟ್ ಅಪ್‌ಡೇಟ್' (sudo apt update), ಆಮೇಲೆ 'ಸುಡೋ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಶಿಯಲ್' (sudo apt install build-essential). ಟೈಪ್ ಮಾಡುವುದು ಇಂಗ್ಲಿಷಿನಲ್ಲೇ, ಎಲ್ಲಾ ಚಿಕ್ಕಕ್ಷರ, ನಡುವಿನ ಅಡ್ಡಗೆರೆ ಮರೆಯಬೇಡಿ. ಪಾಸ್‌ವರ್ಡ್ ಹೊಡೆಯುವಾಗ ಪರದೆ ಮೇಲೆ ಏನೂ ಮೂಡದೆ ಇರಬಹುದು, ಕೀಬೋರ್ಡ್ ಸತ್ತುಹೋಯಿತು ಅಂದುಕೊಳ್ಳಬೇಡಿ.

ಆದರೆ ಇದನ್ನು ಮಂತ್ರದ ಹಾಗೆ ಸುಮ್ನೆ ಹೊಡೆಯಬೇಡಿ. ಮೊದಲ ಸಾಲು ಏನನ್ನೂ ಹಾಕುವುದಿಲ್ಲ, ಯಾವ ಸಾಮಾನು ಎಲ್ಲಿದೆ ಅನ್ನುವ ಪಟ್ಟಿಯನ್ನು ಹೊಸದು ಮಾಡುತ್ತದೆ ಅಷ್ಟೇ. ಇನ್ನು ಬಿಲ್ಡ್-ಎಸೆನ್ಶಿಯಲ್ ಒಳಗೆ ಹೆಚ್ಚೇನೂ ಇಲ್ಲ, ಅದು ಅಂಗಡಿಗೆ ಕೊಡುವ ಚೀಟಿ. ಜಿಸಿಸಿ, ಸಿ++ ಭಾಷೆಗೆ ಜಿ++, ಕಂಪೈಲ್ ಕೆಲಸ ನೋಡಿಕೊಳ್ಳುವ ಮೇಕ್, ಸಿ ಲೈಬ್ರರಿಯ (ಮೊದಲೇ ಬರೆದಿಟ್ಟ ಪ್ರೋಗ್ರಾಂ ತುಣುಕುಗಳ ಕಣಜ) ಹೆಡರ್ ಫೈಲುಗಳು, ಹೀಗೆ ಚೀಟಿಯಲ್ಲಿ ಬರೆದದ್ದೆಲ್ಲ ಒಟ್ಟಿಗೆ ಬರುತ್ತದೆ. ಹೆಡರ್ ಅಂದರೆ ಲಗ್ನಪತ್ರಿಕೆ ಇದ್ದ ಹಾಗೆ. ಪರದೆ ಮೇಲೆ ಅಕ್ಷರ ಮೂಡಿಸುವ ಪ್ರಿಂಟ್ಎಫ್ ಅನ್ನುವವನೊಬ್ಬ ಇದ್ದಾನೆ, ಅವನಿಗೆ ಇಂಥಿಂಥದ್ದು ಕೊಡಬೇಕು ಅಂತ ಅದರಲ್ಲಿ ಇರುತ್ತದೆ. ಊಟ ಹಾಕುವವನು, ಅಂದರೆ ನಿಜವಾಗಿ ಕೆಲಸ ಮಾಡುವವನು, ಲೈಬ್ರರಿ. ಪತ್ರಿಕೆಯೇ ಸಿಗದಿದ್ದರೆ ಜಿಸಿಸಿ ಇದ್ದೂ 'ನೋ ಸಚ್ ಫೈಲ್' ಅಂತ ಮುಷ್ಕರ ಹೂಡುತ್ತದೆ.

ಮೇಕ್ ಹುಟ್ಟಿದ ಕಥೆಯಂತೂ ನನಗೆ ಬಲು ಇಷ್ಟ. ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಒಬ್ಬರು ತಮ್ಮ ಪ್ರೋಗ್ರಾಮಿನ ತಪ್ಪು ತಿದ್ದಿದರು, ಆದರೆ ಆ ಫೈಲನ್ನು ಮತ್ತೆ ಕಂಪೈಲ್ ಮಾಡಲು ಮರೆತು, ಬೆಳಗ್ಗೆಯೆಲ್ಲ ಇಲ್ಲದ ತಪ್ಪನ್ನು ಹುಡುಕಿದರು. ಅವರ ಗೋಳು ಕೇಳಿದ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಮೇಕ್ ಬರೆದರು. ಯಾವುದು ಬದಲಾಗಿದೆಯೋ ಅದನ್ನಷ್ಟೇ ಅದು ಮತ್ತೆ ಕಂಪೈಲ್ ಮಾಡಿಸುತ್ತದೆ.

ಎಲ್ಲ ಬಂದಮೇಲೆ ಹುಡುಗ ಒಂದು ಒಳ್ಳೆ ಪ್ರಶ್ನೆ ಕೇಳಿದ. ಜಿಸಿಸಿಯೂ ಒಂದು ಪ್ರೋಗ್ರಾಮೇ ಅಲ್ವಾ ಮಾವ, ಅದನ್ನು ಕಂಪೈಲ್ ಮಾಡಿದ್ದು ಯಾರು?

ಇನ್ನೊಂದು ಕಂಪೈಲರ್! ಮೊಸರು ಮಾಡಲು ಮೊಸರಿನದೇ ಹೆಪ್ಪು ಬೇಕು. ಅಡಿಕೆಗೆ ಬಣ್ಣ ಬರಲು ಹಳೇ ಚೊಗರು, ಅಂದರೆ ಹಿಂದೆ ಅಡಿಕೆ ಬೇಯಿಸಿದ ನೀರು, ಹಾಕುತ್ತೀವಲ್ಲ, ಹಾಗೇ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಈ ಜಿಸಿಸಿಯನ್ನು ಇವತ್ತಿಗೂ ಮೂರು ಸುತ್ತಿನಲ್ಲಿ ಕಟ್ಟುತ್ತಾರೆ. ಮೊದಲು ಇರುವ ಕಂಪೈಲರ್ ಹೊಸದನ್ನು ಮಾಡುತ್ತದೆ, ಆ ಹೊಸದು ತನ್ನನ್ನೇ ಮತ್ತೆ ಮಾಡಿಕೊಳ್ಳುತ್ತದೆ, ಹಾಗೆ ಬಂದದ್ದು ಇನ್ನೊಮ್ಮೆ. ಎರಡನೆಯದಕ್ಕೂ ಮೂರನೆಯದಕ್ಕೂ ತಾಳೆಯಾದರೆ ಸರಿ.

'ಹಾಗಾದರೆ ಮೊಟ್ಟಮೊದಲ ಹೆಪ್ಪು?' ಅಂದ. 1952ರಲ್ಲಿ ಅಮೆರಿಕದ ಗ್ರೇಸ್ ಹಾಪರ್ ಎ-0 ಅನ್ನುವ ಕಂಪೈಲರ್ ಬರೆದಾಗ ಅವರ ನೆರವಿಗೆ ಯಾವ ಕಂಪೈಲರೂ ಇರಲಿಲ್ಲ, ಅದನ್ನು ಕೈಯಲ್ಲೇ ಕಟ್ಟಿದ್ದು ಅಂದೆ. ಅಷ್ಟರಲ್ಲಿ ಮತ್ತೆ ಕರೆಂಟ್ ಹೋಯಿತು.