‘ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ?’: ಚೀನೀ ಧಾರಾವಾಹಿಗಳ ಪ್ರೇಮಿಗಳು ಬಾಯಿ ಬಿಡುವುದಿಲ್ಲವೇಕೆ

ಪ್ರಶ್ನೆ: ಚೀನಾದ ಐತಿಹಾಸಿಕ ಮತ್ತು ಪೌರಾಣಿಕ ಧಾಟಿಯ ಧಾರಾವಾಹಿಗಳನ್ನು ಇಷ್ಟಪಟ್ಟು ನೋಡುತ್ತೇನೆ. ಆದರೆ ಪ್ರತಿಸಲವೂ ಒಂದು ವಿಷಯ ಕಾಡುತ್ತದೆ. ನಾಯಕ ನಾಯಕಿಗಾಗಿ ಪ್ರಾಣವನ್ನೇ ಕೊಡಲು ಹೊರಡುತ್ತಾನೆ. ನಾಯಕಿ ಅವನಿಗಾಗಿ ಸಾವಿರಾರು ವರ್ಷಗಳ ತಪಸ್ಸನ್ನೇ ಧಾರೆಯೆರೆಯುತ್ತಾಳೆ. ಆದರೆ ಇಬ್ಬರೂ ಅದನ್ನು ಹೇಳಿಕೊಳ್ಳುವುದಿಲ್ಲ. ಒಂದು ಮಾತು ಹೇಳಿದ್ದರೆ ಅರ್ಧ ದುರಂತ ತಪ್ಪುತ್ತಿತ್ತಲ್ಲ? ಇದು ಬರೀ ಕಥೆ ಎಳೆಯುವ ಉಪಾಯವೇ?

ಉತ್ತರ: ಕೆಲವು ಧಾರಾವಾಹಿಗಳಲ್ಲಿ ಎಳೆಯುವ ಉಪಾಯವೇ ಹೌದು. ಆ ಮಾತಿಗೆ ಆಮೇಲೆ ಬರುತ್ತೇನೆ. ಒಳ್ಳೆಯ ಧಾರಾವಾಹಿಗಳಲ್ಲಿ ಮಾತ್ರ ಮೌನಕ್ಕೆ ಗಟ್ಟಿಯಾದ ಕಾರಣವಿರುತ್ತದೆ. ಆ ಕಥೆಗಳ ಲೋಕದಲ್ಲಿ ಪ್ರೀತಿಯನ್ನು ಹೊರಗೆಡಹಿದರೆ ಪ್ರೀತಿಸಿದವರ ತಲೆಗೇ ಅಪಾಯ. ಮಾಡಿದ ತ್ಯಾಗವನ್ನು ಹೇಳಿಕೊಂಡರೆ, ಕೊಟ್ಟ ಉಡುಗೊರೆಗೆ ಸಾಲಪತ್ರ ಬರೆಸಿಕೊಂಡಂತೆ.

ಮೊದಲ ಕಾರಣಕ್ಕೆ 2011ರ ‘ಎಂಪ್ರೆಸಸ್ ಇನ್ ದಿ ಪ್ಯಾಲೇಸ್’ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 76 ಕಂತುಗಳ ಈ ಧಾರಾವಾಹಿ ನಡೆಯುವುದು ಚಿಂಗ್ ವಂಶದ ಯೊಂಗ್‌ಝೆಂಗ್ ಚಕ್ರವರ್ತಿಯ ಅಂತಃಪುರದಲ್ಲಿ. ಝೆನ್ ಹುವಾನ್ ಅವನ ರಾಣಿಯರಲ್ಲಿ ಒಬ್ಬಳು. ಅವಳ ಮನಸ್ಸು ಚಕ್ರವರ್ತಿಯ ತಮ್ಮ ಯುನ್‌ಲಿಯದು. ಅವಳ ಅವಳಿ ಮಕ್ಕಳ ತಂದೆಯೂ ಅವನೇ, ಅರಮನೆಯ ಲೆಕ್ಕದಲ್ಲಿ ಮಾತ್ರ ಅವು ಚಕ್ರವರ್ತಿಯ ಮಕ್ಕಳು. ಸಂಶಯ ಹತ್ತಿದ ಚಕ್ರವರ್ತಿ, ತಮ್ಮನಿಗೆ ವಿಷ ಬೆರೆಸಿದ ಮದ್ಯ ಕುಡಿಸುವ ಕೆಲಸವನ್ನು ಅವಳಿಗೇ ಒಪ್ಪಿಸುತ್ತಾನೆ. ಆ ಬಟ್ಟಲನ್ನು ತಾನೇ ಕುಡಿಯುವುದೆಂದು ನಿಶ್ಚಯಿಸಿಕೊಂಡು ಅವಳು ಹೋಗುತ್ತಾಳೆ, ಅವನಿಗೆ ಹೇಳುವುದಿಲ್ಲ. ಅವನಿಗೆ ಎಲ್ಲವೂ ಅರ್ಥವಾಗಿದೆ, ಅವನೂ ಹೇಳುವುದಿಲ್ಲ. ಗಾಳಿ ಬರುತ್ತಿದೆ, ಕಿಟಕಿ ಮುಚ್ಚು ಎನ್ನುತ್ತಾನೆ. ಅವಳು ಎದ್ದು ಅತ್ತ ತಿರುಗಿದಾಗ ಬಟ್ಟಲುಗಳನ್ನು ಅದಲುಬದಲು ಮಾಡುತ್ತಾನೆ. ವಾಪಸು ಬಂದು ಕುಳಿತ ಅವಳು ಕುಡಿಯುವುದು ಬರೀ ಮದ್ಯ.

ಇಲ್ಲಿ ‘ಒಂದು ಮಾತು’ ಹೇಳಿದ್ದರೆ ಏನಾಗುತ್ತಿತ್ತು? ನಾನು ಸಾಯುತ್ತೇನೆ, ನಾನು ಸಾಯುತ್ತೇನೆ ಎಂದು ಇಬ್ಬರೂ ಜಗ್ಗಾಡುತ್ತಿದ್ದರು. ಯಾರಾದರೂ ಒಬ್ಬರು ಸಾಯಲೇಬೇಕು ಎಂಬುದು ಮಾತ್ರ ಬದಲಾಗುತ್ತಿರಲಿಲ್ಲ. ಅವನ ಮೌನ ಅವಳನ್ನು ಉಳಿಸಿತು. ಆಮೇಲಿನ ಅವಳ ಮೌನ ಮಕ್ಕಳನ್ನು ಉಳಿಸಿತು, ಏಕೆಂದರೆ ಅವಳ ದುಃಖ ತುಸು ಹೆಚ್ಚು ಹೊರಬಿದ್ದಿದ್ದರೂ ಅದೇ ಸಾಕ್ಷ್ಯವಾಗುತ್ತಿತ್ತು. ಕೊನೆಯಲ್ಲಿ, ಮರಣಶಯ್ಯೆಯಲ್ಲಿರುವ ಚಕ್ರವರ್ತಿ ಆರನೆಯ ರಾಜಕುಮಾರ ನಿಜವಾಗಿ ತನ್ನ ಮಗನೇ ಎಂದು ಕೇಳುತ್ತಾನೆ. ರಾಜ್ಯದ ಪ್ರಜೆಗಳೆಲ್ಲರೂ ಪ್ರಭುಗಳ ಮಕ್ಕಳೇ ಅಲ್ಲವೇ ಎಂಬರ್ಥದ ಉತ್ತರ ಕೊಡುತ್ತಾಳೆ. ಅಷ್ಟು ವರ್ಷ ಕಾಪಾಡಿಕೊಂಡು ಬಂದ ಗುಟ್ಟನ್ನು ಅವಳು ಬಳಸುವುದು ಅಲ್ಲಿ, ಅದೂ ಅರ್ಧವನ್ನಷ್ಟೇ. (ಇದನ್ನು ಇತಿಹಾಸ ಎಂದುಕೊಳ್ಳಬೇಡಿ. ಯೊಂಗ್‌ಝೆಂಗ್ ತೀರಿಕೊಂಡದ್ದು 1735ರಲ್ಲಿ, ಯುನ್‌ಲಿ 1738ರಲ್ಲಿ. ಮೂಲ ಕಾದಂಬರಿ ನಡೆಯುವುದು ಕಲ್ಪಿತ ರಾಜವಂಶವೊಂದರಲ್ಲಿ. ಅದನ್ನು ಚಿಂಗ್ ಕಾಲಕ್ಕೆ ತಂದದ್ದು ಧಾರಾವಾಹಿಯವರು.)

ಘಟನೆ ಕಲ್ಪಿತವಾದರೂ ಅದರ ಹಿಂದಿನ ಭಯ ಕಲ್ಪಿತವಲ್ಲ. ಚೀನಾದ ಸಾಮ್ರಾಜ್ಯಗಳ ಕಾನೂನಿನಲ್ಲಿ ರಾಜದ್ರೋಹದ ಶಿಕ್ಷೆ ಒಬ್ಬನಿಗೇ ಮುಗಿಯುತ್ತಿರಲಿಲ್ಲ, ಅವನ ಇಡೀ ಮನೆತನಕ್ಕೆ ತಗಲುತ್ತಿತ್ತು. 1402ರಲ್ಲಿ ಮಿಂಗ್ ವಂಶದ ಯೊಂಗ್‌ಲೆ ಸಿಂಹಾಸನವನ್ನು ಕಸಿದುಕೊಂಡಾಗ, ವಿದ್ವಾಂಸ ಫಾಂಗ್ ಶಿಯಾವ್‌ರು ಅವನಿಗಾಗಿ ಪಟ್ಟಾಭಿಷೇಕದ ಘೋಷಣೆ ಬರೆದುಕೊಡಲು ಒಪ್ಪಲಿಲ್ಲ. ಅದಕ್ಕಾಗಿ ಅವನ ಒಂಬತ್ತು ಕುಲಗಳ, ಎಂದರೆ ಎಲ್ಲ ಬಗೆಯ ನಂಟರ, ಜೊತೆಗೆ ಶಿಷ್ಯರನ್ನೂ ಸ್ನೇಹಿತರನ್ನೂ ಹತ್ತನೆಯ ಕುಲವೆಂದು ಎಣಿಸಿ ಕೊಲ್ಲಿಸಲಾಯಿತು ಎಂದು ಪರಂಪರೆ ಹೇಳುತ್ತದೆ. ನಂಟರ ಮೇಲೆ ಶಿಕ್ಷೆ ಹೇರುವ ಈ ಕಾನೂನು ರದ್ದಾದದ್ದು 1905ರಲ್ಲಿ. ಇನ್ನು ಚಿಂಗ್ ಕಾಲದಲ್ಲಿ, ಆಳುವ ಸೈನಿಕ ಮನೆತನಗಳ ಹುಡುಗಿಯರನ್ನು ಮೂರು ವರ್ಷಕ್ಕೊಮ್ಮೆ ಅರಮನೆಗೆ ಕರೆಸಿ ಆಯ್ಕೆ ಮಾಡುತ್ತಿದ್ದರು. ಆ ಆಯ್ಕೆ ಮುಗಿಯುವವರೆಗೆ ಹುಡುಗಿಯ ಮದುವೆ ನಿಶ್ಚಯಿಸುವಂತಿರಲಿಲ್ಲ. ಅಂಥ ಹುಡುಗಿ ಒಬ್ಬನನ್ನು ಇಷ್ಟಪಟ್ಟು ಅದನ್ನು ಬಾಯಿಬಿಟ್ಟರೆ, ಮಾತು ಅವಳೊಬ್ಬಳ ಮಾನದ ಮಟ್ಟಿಗೆ ನಿಲ್ಲುತ್ತಿರಲಿಲ್ಲ. ಪ್ರೇಮಿಗಳ ಮೌನ ನಮಗೆ ಅತಿಯೆನಿಸಿದಾಗಲೆಲ್ಲ ಈ ಕಾನೂನನ್ನು ನೆನಪಿಸಿಕೊಳ್ಳುವುದು ನ್ಯಾಯ.

ಶಿಯೆನ್‌ಶಿಯಾ ಎಂದು ಕರೆಯುವ, ದೇವತೆಗಳೂ ಅಮರರೂ ಓಡಾಡುವ ಕಥೆಗಳಲ್ಲೂ ಇದೇ ಭಯ ಇದೆ. ಅಲ್ಲಿನ ಸ್ವರ್ಗ ಎಂದರೆ ಮೋಡದ ಮೇಲಿನ ಅರಮನೆ. ಅಲ್ಲೂ ಚಕ್ರವರ್ತಿ, ಯುವರಾಜ, ಆಸ್ಥಾನ, ಮೊದಲೇ ನಿಶ್ಚಯವಾದ ವಿವಾಹಗಳು ಎಲ್ಲ ಇವೆ. ತಪ್ಪಿಗೆ ಕೊಡುವ ಶಿಕ್ಷೆಗೆ ಮಾತ್ರ ಕತ್ತಿಯ ಬದಲು ಸಿಡಿಲು.

ಗುಟ್ಟಿಗೂ ಚೀನೀ ಪ್ರೇಮಕಥೆಗೂ ಇರುವ ನಂಟು ಬಲು ಹಳೆಯದು. ಝು ಯಿಂಗ್‌ತಾಯ್ ಗಂಡು ವೇಷ ಹಾಕಿ ಓದಲು ಹೋಗುತ್ತಾಳೆ. ಜೊತೆಯಲ್ಲೇ ಓದಿದ ಲಿಯಾಂಗ್ ಶಾನ್‌ಬೋಗೆ ಮೂರು ವರ್ಷವಾದರೂ ಅವಳು ಹೆಣ್ಣೆಂದು ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಅವಳ ಮದುವೆ ಬೇರೆ ಕಡೆ ನಿಶ್ಚಯವಾಗಿರುತ್ತದೆ. ಇಬ್ಬರೂ ಸತ್ತು ಚಿಟ್ಟೆಗಳಾಗುತ್ತಾರೆ. ಆದರೆ ನನಗೆ ಹೆಚ್ಚು ಹತ್ತಿರವಾದದ್ದು ಹ್ಯಾಂಗ್‌ಝೌ ನಗರದ ಪಶ್ಚಿಮ ಸರೋವರದ ದಂಡೆಯ ಬಿಳಿ ಹಾವಿನ ಕಥೆ. ಬಾಯ್ ಸುಝೆನ್ ಹೆಣ್ಣಾಗಿ ಬಂದ ಹಾವು. ಗಂಡ ಶು ಶಿಯೆನ್‌ಗೆ ಅದು ತಿಳಿಯದು. ಐದನೆಯ ತಿಂಗಳ ಐದನೆಯ ದಿನದ ಹಬ್ಬದಂದು ಅವನ ಒತ್ತಾಯಕ್ಕೆ ಮಣಿದು, ಹಾವುಗಳಿಗೆ ಆಗದ ಔಷಧ ಬೆರೆಸಿದ ಮದ್ಯವನ್ನು ಕುಡಿಯುತ್ತಾಳೆ, ನಿಜರೂಪಕ್ಕೆ ತಿರುಗುತ್ತಾಳೆ. ಅವನು ನೋಡಿ ಹೆದರಿ ಸಾಯುತ್ತಾನೆ. ಪ್ರಾಣದ ಹಂಗು ತೊರೆದು ಪರ್ವತದಿಂದ ಸಂಜೀವಿನಿ ತಂದು ಅವನನ್ನು ಬದುಕಿಸುತ್ತಾಳೆ. ಬದುಕಿದವನು ಈಗ ಹೆಂಡತಿಗೇ ಹೆದರುತ್ತಾನೆ. ಆಗ ತನ್ನ ಬಿಳಿ ರೇಷ್ಮೆಯ ನಡುಪಟ್ಟಿಯನ್ನೇ ಮಂತ್ರದಿಂದ ಹಾವಾಗಿಸಿ, ನೀವು ಕಂಡದ್ದು ಇದನ್ನೇ ಎಂದು ಅವನನ್ನು ನಂಬಿಸುತ್ತಾಳೆ. ಅವನಿಗಾಗಿ ಸಾವನ್ನು ಎದುರಿಸಿ ಬಂದವಳು, ಆ ಸಾಹಸವನ್ನು ಹೇಳಿಕೊಳ್ಳುವ ಬದಲು ಅವನ ನೆಮ್ಮದಿಗಾಗಿ ಒಂದು ಸುಳ್ಳನ್ನು ಹೆಣೆಯುತ್ತಾಳೆ. ಇಂದಿನ ಧಾರಾವಾಹಿಗಳ ನಾಯಕಿಯರೆಲ್ಲ ಇವಳ ಮೊಮ್ಮಕ್ಕಳು. ಕಥೆಯಲ್ಲಿ ಒಬ್ಬ ಭಿಕ್ಷು ಅವಳನ್ನು ಲೈಫೆಂಗ್ ಗೋಪುರದ ಅಡಿಯಲ್ಲಿ ಬಂಧಿಸುತ್ತಾನೆ. ಸರೋವರದ ಬಳಿಯಿದ್ದ ನಿಜವಾದ ಲೈಫೆಂಗ್ ಗೋಪುರ 1924ರ ಸೆಪ್ಟೆಂಬರಿನಲ್ಲಿ ಕುಸಿದಾಗ ಸಾಹಿತಿ ಲು ಶುನ್ ಅದನ್ನು ಸಂತೋಷದ ಸುದ್ದಿಯೆಂದೇ ಬರೆದರು. ಅವರ ಸಿಟ್ಟೆಲ್ಲ ಗಂಡಹೆಂಡಿರ ನಡುವೆ ತಲೆಹಾಕಿದ ಭಿಕ್ಷುವಿನ ಮೇಲೆ.

ಎರಡನೆಯ ಕಾರಣ ಋಣ. ಬೌದ್ಧಧರ್ಮದ ಜೊತೆ ಭಾರತದಿಂದ ಹೋದ ಕರ್ಮ, ಪುನರ್ಜನ್ಮಗಳ ನಂಬಿಕೆ ಚೀನೀ ಕಥೆಗಳಲ್ಲಿ ಆಳವಾಗಿ ಬೇರುಬಿಟ್ಟಿದೆ. 1791ರಲ್ಲಿ ಅಚ್ಚಾದ ಮಹಾಕಾದಂಬರಿ ‘ಹೊಂಗ್‌ಲೌ ಮೆಂಗ್’ ಶುರುವಾಗುವುದೇ ಇಂಥ ಒಂದು ಲೆಕ್ಕದಿಂದ. ದಿವ್ಯಲೋಕದ ನದಿಯ ದಂಡೆಯಲ್ಲಿ, ಮೂರು ಜನ್ಮಗಳ ಶಿಲೆಯ ಪಕ್ಕದಲ್ಲಿ ಬಾಡುತ್ತಿದ್ದ ಒಂದು ಗಿಡಕ್ಕೆ ಸ್ವರ್ಗದ ಸೇವಕನೊಬ್ಬ ದಿನವೂ ಇಬ್ಬನಿ ಎರೆಯುತ್ತಾನೆ. ಗಿಡ ಹೆಣ್ಣಾಗುತ್ತದೆ. ಅವನು ಮನುಷ್ಯನಾಗಿ ಹುಟ್ಟಲು ಹೊರಟಾಗ ತಾನೂ ಹೊರಡುತ್ತಾಳೆ, ಎರೆದ ನೀರಿಗೆ ಪ್ರತಿಯಾಗಿ ಒಂದು ಜನ್ಮದ ಕಣ್ಣೀರನ್ನೆಲ್ಲ ಕೊಡುತ್ತೇನೆ ಎನ್ನುತ್ತಾಳೆ. ಭೂಮಿಯಲ್ಲಿ ಇಬ್ಬರಿಗೂ ಇದು ನೆನಪಿರುವುದಿಲ್ಲ. ಮೊದಲ ಭೇಟಿಯಲ್ಲಿ ಹುಡುಗ ಈಕೆಯನ್ನು ಎಲ್ಲೋ ಕಂಡಿದ್ದೇನೆ ಎನ್ನುತ್ತಾನೆ, ಅಷ್ಟೇ. ಋಣಾನುಬಂಧ ಎಂದು ನಾವು ಹೇಳುತ್ತೇವಲ್ಲ, ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಲೋಕದಲ್ಲಿ ‘ನಿನಗಾಗಿ ಇದನ್ನು ಮಾಡಿದೆ’ ಎಂದು ಹೇಳಿದರೆ ಎದುರಿನವರ ಈ ಜನ್ಮವಷ್ಟೇ ಅಲ್ಲ, ಮುಂದಿನದೂ ಅಡವಾಗುತ್ತದೆ. ಹೇಳದೆ ಕೊಟ್ಟರೆ ಪಡೆದವರು ಹಗುರವಾಗಿ ಬದುಕಬಹುದು.

2019ರ ‘ದಿ ಅನ್‌ಟೇಮ್ಡ್’ನಲ್ಲಿ ಇದನ್ನು ತೋರಿಸಿದ ರೀತಿ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದು ತೆರೆಯ ಮೇಲೆ ಗೆಳೆತನ, ಸೋದರಭಾವಗಳ ಕಥೆ. ವರ್ಷಗಟ್ಟಲೆ ಸಾಧನೆಯಿಂದ ದೇಹದೊಳಗೆ ಕಟ್ಟಿಕೊಳ್ಳುವ ಶಕ್ತಿಯ ತಿರುಳನ್ನು ಜಿಯಾಂಗ್ ಚೆಂಗ್ ಶತ್ರುವಿನ ಕೈಯಲ್ಲಿ ಕಳೆದುಕೊಳ್ಳುತ್ತಾನೆ. ಜೊತೆಗೆ ಬೆಳೆದ ವೇಯ್ ವುಶಿಯೆನ್ ತನ್ನದನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಸಿ ಅವನಿಗೆ ಹಾಕಿಸುತ್ತಾನೆ. ಒಬ್ಬ ಸಿದ್ಧ ಯೋಗಿನಿ ನಿನ್ನದನ್ನು ಸರಿಮಾಡುತ್ತಾಳೆ ಎಂದು ಸುಳ್ಳು ಹೇಳಿರುತ್ತಾನೆ. ಆಮೇಲೆ ಅವನು ಕತ್ತಿ ಹಿಡಿಯುವುದಿಲ್ಲ. ಜನ ಅಹಂಕಾರ ಎನ್ನುತ್ತಾರೆ, ಜಿಯಾಂಗ್ ಚೆಂಗ್ ಕೂಡ ಕೋಪಿಸಿಕೊಳ್ಳುತ್ತಾನೆ. ವರ್ಷಗಳ ನಂತರ, ಈ ಗುಟ್ಟು ಬಲ್ಲ ಗೆಳೆಯ ವೆನ್ ನಿಂಗ್ ಆ ಕತ್ತಿಯನ್ನು ತಂದು, ಎಳೆ ನೋಡೋಣ ಎಂದು ಜಿಯಾಂಗ್ ಚೆಂಗ್‌ನ ಮುಂದೆ ಹಿಡಿಯುತ್ತಾನೆ. ಒಡೆಯನ ಹೊರತು ಯಾರ ಕೈಗೂ ಒರೆಯಿಂದ ಬಾರದ ಕತ್ತಿ ಅದು. ಜಿಯಾಂಗ್ ಚೆಂಗ್ ಎಳೆದಾಗ ಸರಾಗವಾಗಿ ಬರುತ್ತದೆ. ವಿವರಣೆಯ ಅಗತ್ಯವೇ ಉಳಿಯುವುದಿಲ್ಲ. ಇಷ್ಟಕ್ಕೂ ಜಿಯಾಂಗ್ ಚೆಂಗ್ ಸಿಕ್ಕಿಬಿದ್ದದ್ದು ಹೇಗೆ? ಸೈನಿಕರು ವೇಯ್ ವುಶಿಯೆನ್ ಇದ್ದ ಕಡೆ ಹೋಗುವುದನ್ನು ಕಂಡು, ಅವರನ್ನು ತನ್ನತ್ತ ಸೆಳೆಯಲು ಹೋಗಿ. ಅದನ್ನು ಅವನು ಕೊನೆಯವರೆಗೂ ಹೇಳುವುದಿಲ್ಲ.

ಹೀಗೆಂದು ಪ್ರತಿಯೊಂದು ಮೌನವನ್ನೂ ನಾನು ಒಪ್ಪುವುದಿಲ್ಲ. 58 ಕಂತುಗಳ ‘ಎಟರ್ನಲ್ ಲವ್’ (2017) ಕೋಟ್ಯಂತರ ಜನ ಮೆಚ್ಚಿದ ಧಾರಾವಾಹಿ. ಸ್ವರ್ಗದ ಯುವರಾಜ ಯೆ ಹುವಾ, ಸು ಸು ಎಂಬ ಮನುಷ್ಯಳನ್ನು ಪ್ರೀತಿಸಿದ್ದಾನೆ. ಪ್ರೀತಿಗಾಗಿ ಆಸ್ಥಾನವನ್ನು ಎದುರು ಹಾಕಿಕೊಂಡ ಚಿಕ್ಕಪ್ಪನಿಗೆ ಆದ ಗಡಿಪಾರನ್ನು ಬಲ್ಲವನು, ಆದ್ದರಿಂದ ಸು ಸು ಎಂದರೆ ತನಗೆ ಲೆಕ್ಕಕ್ಕಿಲ್ಲ ಎಂಬಂತೆ ಎಲ್ಲರೆದುರು ನಟಿಸುತ್ತಾನೆ. ಸಮಸ್ಯೆಯೆಂದರೆ, ಅದು ನಟನೆ ಎಂದು ಅವಳಿಗೂ ಹೇಳುವುದಿಲ್ಲ. ಸುಳ್ಳು ಆರೋಪಕ್ಕೆ ದಂಡವಾಗಿ ಅವಳ ಕಣ್ಣು ತೆಗೆಯಬೇಕಾಗಿ ಬಂದಾಗ ತೆಗೆಯುವವನೂ ಅವನೇ. ಕುರುಡಾಗಿ, ಒಂಟಿಯಾಗಿ, ತನ್ನನ್ನು ಯಾರೂ ಪ್ರೀತಿಸಲಿಲ್ಲ ಎಂದು ನಂಬಿಕೊಂಡೇ ಅವಳು ಮಗುವನ್ನು ಹೆತ್ತು, ಅಮರರನ್ನೂ ನಾಶಮಾಡುವ ಕಟ್ಟೆಯಿಂದ ಹಾರುತ್ತಾಳೆ. ಆಸ್ಥಾನದಿಂದ ಅವನು ಗುಟ್ಟು ಕಾಯ್ದದ್ದು ಸರಿ. ಅವಳಿಂದಲೂ ಕಾಯ್ದದ್ದು ಅನ್ಯಾಯ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಗುಟ್ಟಿನ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಕೇಳಿ ನೋಡಿ. ವೇಯ್ ವುಶಿಯೆನ್ ತನ್ನ ಗುಟ್ಟಿಗೆ ತಾನೇ ಬೆಲೆ ತೆತ್ತ. ಯೆ ಹುವಾನ ಗುಟ್ಟಿಗೆ ಸು ಸು ತೆತ್ತಳು. ಧಾರಾವಾಹಿಯ ಪರವಾಗಿ ಒಂದು ಮಾತು: ಅದು ಈ ತಪ್ಪನ್ನು ಮರೆಮಾಚುವುದಿಲ್ಲ. ಸು ಸು ನಿಜವಾಗಿ ದೇವತೆ ಬಾಯ್ ಚಿಯೆನ್ ಎಂದು ತಿಳಿದು, ಅವಳಿಗೆ ನೆನಪು ಮರಳಿದ ಮೇಲೆ ಯೆ ಹುವಾ ಅವಳ ಕೋಪವನ್ನು ಎದುರಿಸಲೇಬೇಕಾಗುತ್ತದೆ.

ಇದಕ್ಕೆ ಪಕ್ಕದಲ್ಲಿ 2015ರ ‘ನಿರ್ವಾಣ ಇನ್ ಫೈರ್’ ಇಟ್ಟು ನೋಡಿ. ಸುಳ್ಳು ದ್ರೋಹದ ಆರೋಪದಲ್ಲಿ 70,000 ಸೈನಿಕರ ಜೊತೆ ಸತ್ತನೆಂದು ಎಲ್ಲರೂ ನಂಬಿದ ಲಿನ್ ಶು, ಮುಖ, ದನಿ, ಆರೋಗ್ಯ ಎಲ್ಲ ಬದಲಾಗಿ ಮೇಯ್ ಚಾಂಗ್‌ಸು ಎಂಬ ಹೆಸರಿನಲ್ಲಿ ರಾಜಧಾನಿಗೆ ಮರಳುತ್ತಾನೆ. ಮದುವೆ ನಿಶ್ಚಯವಾಗಿದ್ದ ನಿಹುವಾಂಗ್ ಎದುರಿಗೇ ಇದ್ದಾಳೆ. ತನಗೆ ಉಳಿದ ಆಯುಸ್ಸು ಕಡಿಮೆ, ಅವಳನ್ನು ಇನ್ನೊಮ್ಮೆ ಕಾಯಿಸಬಾರದು ಎಂದು ಸುಮ್ಮನಿರುತ್ತಾನೆ. ಆದರೆ ಅವಳು ಗುರುತಿಸಿದ ಮೇಲೆ ಸುಳ್ಳಿಗೆ ಅಂಟಿಕೊಳ್ಳುವುದಿಲ್ಲ. ಗೆಳೆಯ ರಾಜಕುಮಾರ ಜಿಂಗ್‌ಯೆನ್‌ಗೆ ಮಾತ್ರ ಬಹುಕಾಲ ತಿಳಿಯುವುದಿಲ್ಲ. ಲಿನ್ ಶುಗಾಗಿ ಪೂರ್ವ ಸಮುದ್ರದಿಂದ ತಂದ ದೊಡ್ಡ ಮುತ್ತೊಂದನ್ನು ಆತ ಜೋಪಾನವಾಗಿ ಇಟ್ಟುಕೊಂಡೇ ಇರುತ್ತಾನೆ, ಅದರ ಒಡೆಯ ಎದುರಿಗೇ ಕುಳಿತಿದ್ದರೂ.

ಇನ್ನು ಎಳೆಯುವ ವಿಷಯ. ಇವುಗಳಲ್ಲಿ ಹೆಚ್ಚಿನವು ಅಂತರಜಾಲದಲ್ಲಿ ಅಧ್ಯಾಯ ಅಧ್ಯಾಯವಾಗಿ ಬಂದ ಕಾದಂಬರಿಗಳಿಂದ ಹುಟ್ಟಿದವು. 2003ರಲ್ಲಿ ಶುರುವಾದ ಜಿನ್‌ಜಿಯಾಂಗ್ ಎಂಬ ತಾಣ ಇಂಥ ಪ್ರೇಮಕಥೆಗಳ ತವರು. ಓದುಗರು ನಾಳೆಯೂ ಬರಬೇಕಾದರೆ ಇಂದು ಒಂದು ಗುಟ್ಟು ಉಳಿದಿರಬೇಕು. ಚೀನೀ ಅಭಿಮಾನಿಗಳು ಸಿಹಿ ದೃಶ್ಯಗಳಿಗೆ ಸಕ್ಕರೆ ಎನ್ನುತ್ತಾರೆ, ಎದೆ ಇರಿಯುವ ದೃಶ್ಯಗಳಿಗೆ ಚಾಕು. ಗುಟ್ಟು ಬಯಲಾಗುವ ಕಂತು ಎಂದರೆ ಹಿಂದಿನ ಸಕ್ಕರೆಯೆಲ್ಲ ಒಟ್ಟಿಗೆ ಚಾಕುವಾಗುವ ಕಂತು. ಇದು ಕಸುಬಿನ ಜಾಣ್ಮೆ, ತಪ್ಪೇನಿಲ್ಲ. ತಪ್ಪಾಗುವುದು ಗುಟ್ಟು ಆಕಸ್ಮಿಕದಿಂದ ಉಳಿದಾಗ: ಪತ್ರ ಸುಟ್ಟುಹೋಯಿತು, ದೂತ ಸತ್ತ, ಅರ್ಧ ಮಾತು ಕೇಳಿ ನಾಯಕಿ ಓಡಿಹೋದಳು. ಯಾರೂ ಮೌನವನ್ನು ಆರಿಸಿಕೊಳ್ಳದಿದ್ದರೆ ಅಲ್ಲಿ ತ್ಯಾಗವೂ ಇಲ್ಲ. ಅಂಥವನ್ನು ಧೈರ್ಯವಾಗಿ ಓಡಿಸಿಕೊಂಡು ನೋಡಿ. 2020ರ ಫೆಬ್ರುವರಿಯಲ್ಲಿ ಚೀನಾದ ಪ್ರಸಾರ ನಿಯಂತ್ರಣ ಸಂಸ್ಥೆ ಧಾರಾವಾಹಿಗಳು 40 ಕಂತು ಮೀರಬಾರದೆಂದು ಸೂಚಿಸಿದ ನಂತರ ಈ ಕಾಟ ಕಡಿಮೆಯಾಗಿದೆ ಎಂಬುದು ನನ್ನ ಅನಿಸಿಕೆ.

ಅಂತ್ಯ ಮೊದಲೇ ತಿಳಿದುಕೊಂಡು ನೋಡುವವರಿಗೆ: ‘ಎಟರ್ನಲ್ ಲವ್’, ‘ಆಶಸ್ ಆಫ್ ಲವ್’ ಎರಡರಲ್ಲೂ ಜೋಡಿ ಕೊನೆಗೆ ಕೂಡುತ್ತದೆ. 2019ರ ‘ಗುಡ್‌ಬೈ ಮೈ ಪ್ರಿನ್ಸೆಸ್’ನಲ್ಲಿ ಕೂಡುವುದಿಲ್ಲ, ಗಟ್ಟಿ ಮನಸ್ಸು ಮಾಡಿಕೊಂಡೇ ಕುಳಿತುಕೊಳ್ಳಿ. ನಿಮ್ಮಂತೆ ಈ ಮೌನದಿಂದ ಬೇಸತ್ತವರು 2022ರ ‘ಲವ್ ಬಿಟ್ವೀನ್ ಫೇರಿ ಅಂಡ್ ಡೆವಿಲ್’ ನೋಡಬೇಕು. 36 ಕಂತುಗಳು. ಅದರಲ್ಲಿ ಒಂದು ಮಂತ್ರ ಇಬ್ಬರನ್ನೂ ಬೆಸೆದಿರುತ್ತದೆ: ಅವಳಿಗೆ ಗಾಯವಾದರೆ ಅವನಿಗೂ ಗಾಯ, ಅವಳು ದುಃಖಪಟ್ಟರೆ ಯುದ್ಧದ ಮಾತುಕತೆಯ ನಡುವೆಯೂ ಅವನ ಕಣ್ಣಲ್ಲಿ ನೀರು. ತನ್ನ ನೋವನ್ನು ಮುಚ್ಚಿಡಬೇಕೆಂದರೂ ಅವಳಿಗೆ ಅವನೆದುರು ಮುಚ್ಚಿಡಲು ಆಗುವುದಿಲ್ಲ.