ಇಳಿಯೋದು ಹೇಗೆ ಅಂತ ಮೊದಲು ಕೇಳಿ

ಬೆಂಗಳೂರಿನಲ್ಲಿ ಕ್ಲೈಂಬಿಂಗ್ ಕಲಿತು, ಆಮೇಲೆ ಕೆಲಸಕ್ಕೆಂದು ಕ್ಯಾಲ್ಗರಿಗೋ ವ್ಯಾಂಕೂವರ್‌ಗೋ ಹೋದವರು ಒಂದಲ್ಲ ಒಂದು ದಿನ ನನಗೆ ಬುಗಬೂ ಬಗ್ಗೆ ಕೇಳಿ ಬರೆಯುತ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಪರ್ಸೆಲ್ ಪರ್ವತಗಳ ನಡುವೆ, ಹಿಮನದಿಗಳಿಂದ ನೆಟ್ಟಗೆ ಎದ್ದು ನಿಂತ ಗ್ರಾನೈಟ್ ಗೋಪುರಗಳು ಅವು. ಬ್ರಿಸ್ಕೋ ಎಂಬ ಪುಟ್ಟ ಊರಿನಿಂದ ಸುಮಾರು 45 ಕಿ.ಮೀ. ಮಣ್ಣು ರಸ್ತೆ. ಅಲ್ಲಿಂದ ಹಗ್ಗ, ಟೆಂಟು, ಊಟ ಎಲ್ಲ ಬೆನ್ನ ಮೇಲೆ ಹೊತ್ತು ಸುಮಾರು 700 ಮೀಟರ್ ಏರಿದರೆ ಕೇನ್ ಹಟ್ ಎಂಬ ತಂಗುಮನೆ. ಇನ್ನೂ ಸ್ವಲ್ಪ ಮೇಲೆ ಆ್ಯಪಲ್‌ಬೀ ಕ್ಯಾಂಪ್.

ಎಲ್ಲರೂ ಮೊದಲು ಕೇಳುವುದು ಒಂದೇ: ‘ಆ ರೂಟ್ ಎಷ್ಟು ಕಷ್ಟ?’ ಇಂಥ ದೂರದ ಬಂಡೆಗಳ ವಿಷಯದಲ್ಲಿ ನಾನು ಆ ಪ್ರಶ್ನೆಯನ್ನು ಕೊನೆಗೆ ಇಡುತ್ತೇನೆ. ಇಳಿಯೋದು ಹೇಗೆ, ಅದನ್ನು ಹೇಳುತ್ತಿರುವವರು ಯಾವ ದಿನ ಇಳಿದರು ಅನ್ನೋದು ಮೊದಲು ಗೊತ್ತಾಗಬೇಕು.

ಬುಗಬೂ ಸ್ಪೈರ್‌ನ ಈಶಾನ್ಯ ಏಣನ್ನೇ (ಏಣು ಅಂದರೆ ಬೆಟ್ಟದ ಕಿರಿದಾದ ಅಂಚು) ತೆಗೆದುಕೊಳ್ಳಿ. ಶಿಖರದ ಎತ್ತರ 3,204 ಮೀಟರ್. ಈ ಏಣನ್ನು ಮೊದಲು ಹತ್ತಿದ್ದು 1958ರಲ್ಲಿ. ಕಷ್ಟದ ಮಟ್ಟ 5.8 (ಚುಕ್ಕೆಯ ನಂತರದ ಅಂಕಿ ದೊಡ್ಡದಾದಷ್ಟೂ ಕಷ್ಟ; 5.10 ಅಂದರೆ 5.8ಕ್ಕಿಂತ ಕಷ್ಟ). ಸರಿಯಾಗಿ ಅಭ್ಯಾಸ ಮಾಡಿದವರಿಗೆ ಕೈಗೆಟುಕದ ಅಂಕಿ ಏನಲ್ಲ. ಆದರೆ ಹತ್ತಿ ಮುಗಿಸಿದಾಗ ದಿನ ಮುಗಿದಿರುವುದಿಲ್ಲ. ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಕಿರಿದಾದ ಏಣಿನ ಮೇಲೆ ಅಡ್ಡ ಹೋಗಬೇಕು. ಅಲ್ಲಿಂದ ದಕ್ಷಿಣದ ಏಣಿನಲ್ಲಿ ಹಗ್ಗ ಹಾಕಿ ಇಳಿಯಬೇಕು. ಇಳಿದ ಮೇಲೆ ಸ್ನೋಪ್ಯಾಚ್ ಸ್ಪೈರ್‌ಗೂ ಬುಗಬೂಗೂ ನಡುವಿನ ಕೋಲ್ (ಎರಡು ಶಿಖರಗಳ ನಡುವಿನ ತಗ್ಗು), ಅದರ ಕೆಳಗೆ ಕಡಿದಾದ ಹಿಮದ ಇಳಿಜಾರು. ಇಷ್ಟೂ ಸುಸ್ತಾದ ಕಾಲಿನಲ್ಲಿ, ಸಾಮಾನ್ಯವಾಗಿ ಮಧ್ಯಾಹ್ನದ ಗುಡುಗು ಮೋಡ ಕಟ್ಟುವ ಹೊತ್ತಿನಲ್ಲೇ. 5.8 ಅನ್ನುವ ಅಂಕಿಯಲ್ಲಿ ಇದ್ಯಾವುದೂ ಇಲ್ಲ.

ಆ ದಕ್ಷಿಣದ ಏಣಿಗೆ ದೊಡ್ಡ ಚರಿತ್ರೆ ಇದೆ. 1916ರಲ್ಲಿ ಆಸ್ಟ್ರಿಯಾ ಮೂಲದ ಗೈಡ್ ಕಾನ್ರಾಡ್ ಕೇನ್ ತನ್ನ ತಂಡವನ್ನು ಅದೇ ದಾರಿಯಲ್ಲಿ ಶಿಖರಕ್ಕೆ ಕರೆದೊಯ್ದ. ತುದಿಗೆ ಹತ್ತಿರ ಒಂದು ಬಂಡೆ ದಾರಿಗೆ ಅಡ್ಡ ನಿಂತಿದೆ. ಎಲ್ಲರೂ ಅದನ್ನು ಜಂಡಾರ್ಮ್ ಅನ್ನುತ್ತಾರೆ. ಅವನ ಕಾಲದಲ್ಲಿ ಈಗಿನ ಅಂಟು ಶೂ ಇರಲಿಲ್ಲ, ಬಿರುಕಿಗೆ ಹಾಕುವ ಕ್ಯಾಮ್ ಇರಲಿಲ್ಲ. ‘ಅಲ್ಲಿ ಹೇಗಿದೆ?’ ಅಂತ ಕೇಳಲು ಮುಂಚೆ ಹೋಗಿ ಬಂದ ಒಬ್ಬ ಮನುಷ್ಯನೂ ಇರಲಿಲ್ಲ. ಅದನ್ನು ಯೋಚಿಸಿದರೆ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ. ಇವತ್ತು ಅದಕ್ಕೆ 5.6ರ ಆಸುಪಾಸಿನ ಮಟ್ಟ ಕೊಡುತ್ತಾರೆ. ನಮಗೆ ಅದೇ ಇಳಿಯುವ ದಾರಿ. ಆದ್ದರಿಂದ ಈಶಾನ್ಯ ಏಣು ಹತ್ತುವವರು ಕೇನ್ ರೂಟನ್ನೂ ಅಷ್ಟೇ ಚೆನ್ನಾಗಿ ಓದಿಕೊಳ್ಳಬೇಕು. ಮುಂಚೆ ನೋಡಿರದ ದಾರಿಯಲ್ಲಿ, ಮೇಲಿನಿಂದ ಕೆಳಕ್ಕೆ ನೋಡುತ್ತಾ, ಹಗ್ಗ ಕಟ್ಟುವ ಜಾಗ ಹುಡುಕುವುದು ಸುಲಭವಲ್ಲ.

ರಾಮನಗರದಲ್ಲಿ ಕಲಿತವರಿಗೆ ಇನ್ನೊಂದು ಮಾತು. ನಮ್ಮ ಬಂಡೆ ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯದು. ಬುಗಬೂವಿನದು ಡೈನೋಸಾರ್‌ಗಳಿದ್ದ ಕಾಲದ್ದು, ಅದಕ್ಕೆ ಹೋಲಿಸಿದರೆ ಎಳೆಯದು. ವಯಸ್ಸಿಗಿಂತ ಆಕಾರ ಮುಖ್ಯ. ಇಲ್ಲಿ ಬಹುತೇಕ ಕಡೆ ನುಣುಪಾದ ಇಳಿಜಾರು ಬಂಡೆ, ಪಾದದ ಹಿಡಿತದ ಮೇಲೆ ನಂಬಿಕೆ. ಅಲ್ಲಿ ಉದ್ದುದ್ದ ಬಿರುಕುಗಳು. ಕೈ, ಮುಷ್ಟಿ, ಪಾದ ಒಳಗೆ ತುರುಕಿ ತಿರುಗಿಸಿ ಏರಬೇಕು, ರಕ್ಷಣೆಯ ಸಾಧನ ನೀವೇ ಹಾಕಬೇಕು. ರಾಮನಗರದ ಸ್ಲ್ಯಾಬಿನಲ್ಲಿ 5.10 ಹತ್ತಿದ್ದೀನಿ ಅನ್ನುವವರಿಗೆ ಬಿರುಕಿನ 5.8 ಚೆನ್ನಾಗಿಯೇ ಬೆವರಿಳಿಸುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನು ಒತ್ತಿ ಒತ್ತಿ ಹೇಳುತ್ತೇನೆ.

ಸೌತ್ ಹೌಸರ್ ಟವರ್‌ನ ಬೆಕ್ಕಿ–ಶೂನಾರ್ಡ್ ರೂಟ್ ಹತ್ತಬೇಕು ಅನ್ನುವ ಆಸೆ ಬಹಳ ಜನರಿಗೆ. 1961ರಲ್ಲಿ ಫ್ರೆಡ್ ಬೆಕ್ಕಿ ಮತ್ತು ಇವಾನ್ ಶೂನಾರ್ಡ್ ತೆರೆದ ದಾರಿ. ಪಶ್ಚಿಮದ ಕಡೆಯಿಂದ ಏರುವ ಉದ್ದದ, ಅದ್ಭುತವಾದ ಬಂಡೆ. ಅದರ ಬಗ್ಗೆ ಕೇಳಿದವರಿಗೆ ನನ್ನ ಮೊದಲ ಪ್ರಶ್ನೆ: ಟೆಂಟ್ ಎಲ್ಲಿ ಹಾಕುತ್ತೀರಿ? ಹತ್ತುವುದು ಈಸ್ಟ್ ಕ್ರೀಕ್ ಕಡೆಯಿಂದ, ಇಳಿಯುವುದು ಬೆಟ್ಟದ ಇನ್ನೊಂದು ಬದಿಗೆ, ವೊವೆಲ್ ಹಿಮನದಿಯ ಮೇಲಕ್ಕೆ. ಟೆಂಟ್ ಈಸ್ಟ್ ಕ್ರೀಕ್‌ನಲ್ಲಿದ್ದರೆ ಬೆಳಿಗ್ಗೆ ಹತ್ತಿರ, ಆದರೆ ರಾತ್ರಿ ಸುತ್ತು ಹಾಕಿ ವಾಪಸ್ ಬರಬೇಕು. ಆ್ಯಪಲ್‌ಬೀಯಲ್ಲಿದ್ದರೆ ಬೆಳಗಿನ ನಡಿಗೆ ಉದ್ದ, ವಾಪಸಾತಿ ನೇರ. ಯಾವುದಾದರೂ ಸರಿ, ಹಿಮನದಿಯಲ್ಲಿ ನಡೆಯಲು ಕ್ರ್ಯಾಂಪಾನ್ (ಶೂ ಅಡಿಗೆ ಕಟ್ಟುವ ಮೊಳೆಗಳ ಚೌಕಟ್ಟು) ಬೇಕೇ ಬೇಕು, ಅದನ್ನು ರೂಟ್ ಪೂರ್ತಿ ಹೊತ್ತೇ ಹತ್ತಬೇಕು. ಕೊನೆಯ ಸಲ ಇಳಿಯುವಾಗ ಹಗ್ಗ ಬಂಡೆ ಮತ್ತು ಹಿಮದ ನಡುವಿನ ಬಿರುಕನ್ನು ದಾಟಿಸುವಷ್ಟು ಉದ್ದ ಇರಬೇಕು. ಆ ಬಿರುಕು ಜುಲೈಯಲ್ಲಿ ಒಂದು ಥರ, ಆಗಸ್ಟ್ ಕೊನೆಗೆ ಇನ್ನೊಂದು ಥರ. ಹೋದ ವರ್ಷ ಹೋಗಿ ಬಂದವರ ಮಾತು ಇಲ್ಲಿ ಸಾಲದು.

ಸಲಹೆ ಹಳಸುವ ವೇಗ ಈಗ ಹೆಚ್ಚಾಗಿದೆ. ಹಿಮನದಿಗಳು ಕರಗಿ ತಗ್ಗುತ್ತಿವೆ. ಬುಗಬೂ–ಸ್ನೋಪ್ಯಾಚ್ ಕೋಲ್‌ನ ಕೆಳಗಿನ ಇಳಿಜಾರು ಬೇಸಿಗೆಯ ಕೊನೆಗೆ ಹಿಮ ಕಳೆದುಕೊಂಡು ಗಟ್ಟಿ ಐಸ್ ಮತ್ತು ಸಡಿಲ ಕಲ್ಲಾಗುತ್ತದೆ. ಮೇಲಿನಿಂದ ಕಲ್ಲು ಉರುಳುತ್ತವೆ. 2022ರ ಚಳಿಗಾಲದ ಆರಂಭದಲ್ಲಿ ಸ್ನೋಪ್ಯಾಚ್‌ನ ಪೂರ್ವ ಮುಖದಿಂದ ದೊಡ್ಡ ಭಾಗವೇ ಕಳಚಿ ಬಿತ್ತು. ಟಾಮ್ ಈಗನ್ ಮೆಮೋರಿಯಲ್ ಎಂಬ ಹೆಸರಾಂತ ರೂಟ್ ಅದರ ಜೊತೆಗೇ ಹೋಯಿತು. ಹಳೆಯ ಗೈಡ್ ಪುಸ್ತಕದಲ್ಲಿ ಅದರ ಗೆರೆ ಇನ್ನೂ ಇದೆ, ಬಂಡೆ ಮಾತ್ರ ಇಲ್ಲ.

ಹಾಗಾಗಿ ನಿಜವಾದ ಮಾಹಿತಿ ಸಿಗುವುದು ಸಂಜೆ ಆ್ಯಪಲ್‌ಬೀಯಲ್ಲಿ. ವಾಪಸ್ ಬಂದವರಿಗೆ ಒಂದು ಲೋಟ ಚಹಾ ಕೊಟ್ಟು ಕೇಳಿ. ‘ಎಷ್ಟು ಗಂಟೆ ಹಿಡಿಯಿತು?’ ಅಂತ ಸುಮ್ನೆ ಕೇಳಿದರೆ ಉಪಯೋಗವಿಲ್ಲ, ಅವರ ವೇಗ ನಿಮ್ಮದಲ್ಲ ಅಲ್ವಾ? ಏಣಿನ ಬುಡ ಎಷ್ಟು ಹೊತ್ತಿಗೆ ಬಿಟ್ಟಿರಿ, ಮುಂದೆ ಎಷ್ಟು ತಂಡ ಇತ್ತು, ಹಗ್ಗ 60 ಮೀಟರೋ 70 ಮೀಟರೋ, ಎಲ್ಲಿ ಸಿಕ್ಕಿಕೊಂಡಿತು ಅಂತ ಕೇಳಿ. ಅರ್ಧದಿಂದ ವಾಪಸ್ ಬಂದವರನ್ನು ಬಿಡಲೇಬೇಡಿ. ತುದಿ ಮುಟ್ಟಿದವರಿಗೆ ಖುಷಿಯಲ್ಲಿ ಅರ್ಧ ಮರೆತಿರುತ್ತದೆ. ಹಿಂತಿರುಗಿದವರಿಗೆ ಮೋಡ ಯಾವ ಕಡೆಯಿಂದ ಬಂತು, ಎಲ್ಲಿಂದ ಇಳಿಯಲು ಸಾಧ್ಯ, ಯಾವ ಆಂಕರ್‌ನ (ಹಗ್ಗ ಕಟ್ಟುವ ಜಾಗ) ಸ್ಲಿಂಗ್ ಪಟ್ಟಿ ಹಳತಾಗಿದೆ ಎಲ್ಲವೂ ನೆನಪಿರುತ್ತದೆ. ನಾನು ಯಾವಾಗಲೂ ಅವರ ಹತ್ತಿರ ಮೊದಲು ಹೋಗುತ್ತೇನೆ.

ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಎಚ್ಚರಿಕೆ. ಅಲ್ಲಿನ ಮುಳ್ಳುಹಂದಿಗಳು ಟೈರು, ಬ್ರೇಕ್ ಪೈಪು ಎಲ್ಲ ಕಡಿಯುತ್ತವೆ. ಕಾರಿನ ಸುತ್ತ ತಂತಿ ಬಲೆ ಕಟ್ಟಿ, ಬುಡಕ್ಕೆ ಕಲ್ಲು ಇಡಿ. ಎಲ್ಲರೂ ಹಾಗೇ ಮಾಡುತ್ತಾರೆ.

ಸಲಹೆ ಕೊಡುವಾಗ ನಾನು ಬಂಡೆಯಲ್ಲಿ ಕೈ ಹಿಡಿಯುವ ಒಂದೊಂದು ಜಾಗವನ್ನೂ ಹೇಳುವುದಿಲ್ಲ. ಆ ಸಂತೋಷ ಅವರದ್ದೇ ಆಗಬೇಕು. ಇಳಿಯುವ ದಾರಿ, ನೀರು, ಹಿಮದ ಸ್ಥಿತಿ ಮಾತ್ರ ಪೂರ್ತಿ ಹೇಳುತ್ತೇನೆ, ದಿನಾಂಕದ ಸಮೇತ. ನೀವೂ ಕೋಲ್ ದಾಟುವಾಗ ಕೆಳಗಿನ ಇಳಿಜಾರಿನ ಒಂದು ಫೋಟೊ ತೆಗೆದುಕೊಳ್ಳಿ. ಕ್ಯಾಂಪ್‌ಗೆ ಬಂದ ಮೇಲೆ, ಮಲಗುವ ಮುಂಚೆ, ಮರುದಿನ ಹೊರಡುವವರ ಟೆಂಟ್ ಹುಡುಕಿ ತೋರಿಸಿ.